ಕಾನೂನಿನ ಬಲವಿಲ್ಲದ ಘೋಷಣೆಯಿಂದ ನಮಗೇನು ಪ್ರಯೋಜನ?

ಪ್ರಶ್ನೆ: ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಮುರಿದ ದೇಶಕ್ಕೆ ಯಾವ ಶಿಕ್ಷೆಯೂ ಇಲ್ಲವಂತೆ. ಹಾಗಿದ್ದ ಮೇಲೆ ಅದು ಹಲ್ಲಿಲ್ಲದ ಹಾವಲ್ಲವೆ? ಸಾಮಾನ್ಯರಿಗೆ ಅದರಿಂದ ಸಿಗುವುದೇನು?

ಉತ್ತರ: ಶಿಕ್ಷೆ ಇಲ್ಲವೆಂಬುದು ನಿಜ. 1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಈ 30 ವಿಧಿಗಳ ಪತ್ರ ಒಪ್ಪಂದವಲ್ಲ, ಘೋಷಣೆ ಮಾತ್ರ. 48 ದೇಶಗಳು ಅದರ ಪರವಾಗಿ ಮತ ಹಾಕಿದವು. ವಿರೋಧಿಸಿದವರು ಯಾರೂ ಇರಲಿಲ್ಲ. ಸೋವಿಯತ್ ಒಕ್ಕೂಟ, ಸೌದಿ ಅರೇಬಿಯ, ದಕ್ಷಿಣ ಆಫ್ರಿಕ ಸೇರಿ 8 ದೇಶಗಳು ತಟಸ್ಥವಾಗಿ ಉಳಿದವು. ಬರಿಯ ಮಾತಿಗೆ ಒಪ್ಪಿಗೆ ಕೊಡಲೂ ಹಿಂಜರಿದರೆಂದರೆ ಆ ಮಾತಿಗೆ ತೂಕವಿತ್ತೆಂದೇ ನಾನು ತಿಳಿಯುತ್ತೇನೆ. ಅದಕ್ಕೆ ಎರಡು ವರ್ಷ ಹಿಂದೆ, 1946ರಲ್ಲಿ, ದಕ್ಷಿಣ ಆಫ್ರಿಕದಲ್ಲಿದ್ದ ಭಾರತೀಯ ಮೂಲದವರಿಗೆ ಆಗುತ್ತಿದ್ದ ತಾರತಮ್ಯವನ್ನು ಭಾರತ ಮಹಾಸಭೆಯ ಮುಂದಿಟ್ಟಾಗ, ಅದು ತನ್ನ ಆಂತರಿಕ ವಿಚಾರವೆಂದು ಆ ದೇಶ ವಾದಿಸಿತ್ತು. ಸರ್ಕಾರವೊಂದು ತನ್ನ ಜನರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಉಳಿದ ಲೋಕಕ್ಕೂ ಸೇರಿದ ವಿಷಯವೆಂಬ ತಿಳಿವಳಿಕೆ ಬೇರೂರಲು ಈ ಘೋಷಣೆಯೇ ನೆಲ ಹದಗೊಳಿಸಿತು.

ಘೋಷಣೆಯ ಕರಡಿನ ಮೊದಲ ವಿಧಿಯಲ್ಲಿ ‘ಆಲ್ ಮೆನ್’ (ಅಕ್ಷರಶಃ ‘ಎಲ್ಲ ಗಂಡಸರು’) ಎಂದಿತ್ತು. ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಅದಕ್ಕೆ ಒಪ್ಪಲಿಲ್ಲ. ಆ ಪದದಲ್ಲಿ ಹೆಂಗಸರೂ ಸೇರಿದ್ದಾರೆಂದು ಉಳಿದವರು ತಿಳಿದಿರಬಹುದು, ಆದರೆ ಅದನ್ನು ಗಂಡಸರಿಗಷ್ಟೇ ಅನ್ವಯಿಸುವ ಸರ್ಕಾರಗಳೂ ಇರುತ್ತವೆ ಎಂಬುದು ಅವರ ಆತಂಕವಾಗಿತ್ತು. ಕೊನೆಗೆ ಅದು ‘ಆಲ್ ಹ್ಯೂಮನ್ ಬೀಯಿಂಗ್ಸ್’ (ಎಲ್ಲ ಮನುಷ್ಯರು) ಎಂದಾಯಿತು. ಒಂದು ಪದಕ್ಕಾಗಿ ಅಷ್ಟು ಹಟ ಹಿಡಿದ ಅದೇ ಹೆಣ್ಣುಮಗಳು ನಮ್ಮ ಸಂವಿಧಾನ ರಚನಾ ಸಭೆಯ ಸದಸ್ಯೆಯೂ ಆಗಿದ್ದರೆಂಬುದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ನೀವು ಕೇಳಿದ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆಯೂ ಬಂದಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ, 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟ 13 ನ್ಯಾಯಮೂರ್ತಿಗಳ ಪೀಠದ ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು, ಈ ಘೋಷಣೆ ಕಾನೂನಿನಂತೆ ಬಂಧಿಸದೆ ಇರಬಹುದಾದರೂ ಸಂವಿಧಾನವನ್ನು ಅಂಗೀಕರಿಸುವ ಹೊತ್ತಿಗೆ ಭಾರತ ಮಾನವ ಹಕ್ಕುಗಳನ್ನು ಹೇಗೆ ಅರ್ಥಮಾಡಿಕೊಂಡಿತ್ತು ಎಂಬುದನ್ನು ಅದು ತೋರಿಸುತ್ತದೆ ಎಂದರು. ಅಂದರೆ ಘೋಷಣೆ ತಾನಾಗಿ ಆಜ್ಞೆ ಮಾಡದು. ನಮ್ಮ ಕಾನೂನನ್ನು ಓದುವ ಬಗೆಯನ್ನು ಅದು ತಿದ್ದುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿದಾಗ, ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರ ವಾದಿಸಿತು, ಏಕೆಂದರೆ ನಮ್ಮ ಸಂವಿಧಾನದಲ್ಲಿ ಆ ಪದವೇ ಇಲ್ಲ. ಆದರೆ ಘೋಷಣೆಯ 12ನೇ ವಿಧಿಯಲ್ಲಿ ಅದು ಇದೆ: ಯಾರ ಖಾಸಗಿ ಬದುಕು, ಸಂಸಾರ, ಮನೆ, ಪತ್ರವ್ಯವಹಾರದಲ್ಲೂ ಮನಬಂದಂತೆ ಕೈಹಾಕಬಾರದು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ಮೂಲಭೂತ ಹಕ್ಕೆಂದು ಸಾರಿದಾಗ, ಅವರು ಪರಿಗಣಿಸಿದ ಆಧಾರಗಳಲ್ಲಿ ಈ ವಿಧಿಯೂ ಸೇರಿತ್ತು.

ಸಾಮಾನ್ಯರಿಗೆ ಸಿಗುವುದೇನು ಎಂದು ಕೇಳಿದ್ದೀರಿ. ಘೋಷಣೆಯ ಹಕ್ಕುಗಳನ್ನೇ 1966ರಲ್ಲಿ ಎರಡು ಅಂತರರಾಷ್ಟ್ರೀಯ ಒಪ್ಪಂದಗಳಾಗಿ ಬರೆಯಲಾಯಿತು; ಇವು ಬಂಧಿಸುವಂಥವು. 1979ರಲ್ಲಿ ಭಾರತ ಅವುಗಳಿಗೆ ಸೇರಿತು. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ, ಮಾನವ ಹಕ್ಕು ಎಂದರೇನು ಎಂದು ಹೇಳುವಾಗ ಸಂವಿಧಾನದ ಜೊತೆಗೆ ಆ ಒಪ್ಪಂದಗಳನ್ನೂ ಹೆಸರಿಸುತ್ತದೆ. ಅದೇ ಕಾಯ್ದೆಯಡಿ ರಾಷ್ಟ್ರೀಯ ಆಯೋಗವೂ ನಮ್ಮ ರಾಜ್ಯದ ಆಯೋಗವೂ ಇವೆ. ಆಯೋಗ ಶಿಫಾರಸು ಮಾಡಬಲ್ಲುದೇ ಹೊರತು ಶಿಕ್ಷೆ ವಿಧಿಸಲಾರದು, ಈ ಕೊರತೆಯನ್ನು ನಾನು ಮುಚ್ಚಿಡುವುದಿಲ್ಲ. ಆದರೂ ಠಾಣೆಯಲ್ಲಿ ಮಗನಿಗೆ ಪೆಟ್ಟು ಬಿದ್ದಾಗ ತಾಯಿಯೊಬ್ಬಳು ವಕೀಲರಿಲ್ಲದೆ, ಶುಲ್ಕವಿಲ್ಲದೆ, ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ದೂರು ಬರೆದು ಕಳುಹಿಸಬಹುದು. ಘಟನೆ ನಡೆದು ಒಂದು ವರ್ಷ ಕಳೆಯುವುದರೊಳಗೆ ಕಳುಹಿಸಬೇಕು, ಅಷ್ಟೇ.