ಕಾಗೆಬಂಗಾರದ ಮೇಲೆ ಪ್ರೋಟೀನ್ ಹರಳು

ಮಳೆ ನಿಂತ ಮೇಲೆ ಕೊಡಗಿನ ತೋಟದ ದಾರಿಗಳಲ್ಲಿ ಮಣ್ಣಿನ ನಡುವೆ ಮಿಣಮಿಣ ಹೊಳೆಯುವ ಚೂರುಗಳನ್ನು ನೋಡಿರುತ್ತೀರಿ. ಅದು ಕಾಗೆಬಂಗಾರ, ಅಂದರೆ ಅಭ್ರಕ. ಇದೇ ಜಾತಿಯ ಖನಿಜಗಳನ್ನು ವಿಜ್ಞಾನಿಗಳು ಪ್ರೋಟೀನ್ ಹರಳುಗಟ್ಟಿಸಲು ಬಳಸುತ್ತಾರೆ.

ಪ್ರೋಟೀನ್ ಹೇಗೆ ಮಡಚಿಕೊಂಡಿದೆ ಎಂದು ತಿಳಿಯಲು ಅದರ ಹರಳಿಗೆ ಎಕ್ಸ್‌ರೇ ಹಾಯಿಸುವುದು ಹಳೆಯ, ನಂಬಬಹುದಾದ ದಾರಿ. ಕಷ್ಟವೆಲ್ಲ ಹರಳು ಪಡೆಯುವುದರಲ್ಲಿದೆ. ಪ್ರೋಟೀನ್ ಅಣು ದೊಡ್ಡದು, ಅಂಕುಡೊಂಕು. ನಾಲ್ಕಾರು ಅಣುಗಳು ಸಾಲುಗೂಡಿದರೂ ಮತ್ತೆ ಚದುರಿಹೋಗುತ್ತವೆ. ಗುಂಪು ಒಂದು ಗಾತ್ರ ದಾಟಿದರೆ ಮಾತ್ರ ಉಳಿದು ಬೆಳೆಯುತ್ತದೆ. ಆ ಗಾತ್ರ ಮುಟ್ಟಲಿ ಎಂದು ದ್ರಾವಣವನ್ನು ಜಾಸ್ತಿ ಗಟ್ಟಿ ಮಾಡಿದರೆ ಪುಡಿ ಹರಳುಗಳು ಒಟ್ಟಿಗೇ ಹುಟ್ಟುತ್ತವೆ, ಇಲ್ಲವೇ ಬರೀ ಗಸಿ ಉಳಿಯುತ್ತದೆ.

ಚಳಿಗಾಲದಲ್ಲಿ ಕೊಡಗಿನ ಜೇನು ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಅಲ್ವಾ? ಸಕ್ಕರೆ ಬೆರೆಸಿದ್ದಾರೆ ಎಂದು ಸುಮ್ನೆ ಅನುಮಾನ ಪಡಬೇಡಿ. ಜೇನಿನಲ್ಲಿರುವ ಗ್ಲೂಕೋಸ್‌ಗೆ ಪರಾಗದ ಕಣವೋ ಮೇಣದ ಚೂರೋ ಸಿಕ್ಕರೆ ಅಲ್ಲಿ ಹರಳು ಬೇಗ ಶುರುವಾಗುತ್ತದೆ. ಪ್ರೋಟೀನಿಗೂ ಇಂಥದೊಂದು ಆಸರೆ ಬೇಕು.

1988ರಲ್ಲಿ ಅಲೆಕ್ಸಾಂಡರ್ ಮ್ಯಾಕ್‌ಫರ್ಸನ್ ಮತ್ತು ಪಾಲ್ ಶ್ಲಿಚ್ಟಾ ನೀರಿನಲ್ಲಿ ಕರಗದ 50 ಖನಿಜಗಳನ್ನು 4 ಪ್ರೋಟೀನ್‌ಗಳ ಜೊತೆ ಪರೀಕ್ಷಿಸಿದರು. ಒಂದೊಂದು ಪ್ರೋಟೀನಿಗೂ ಬೇರೆ ಬೇರೆ ಖನಿಜಗಳು ಒಗ್ಗಿದವು. ಒಗ್ಗಿದ ಕಡೆ, ದ್ರಾವಣ ಅಷ್ಟೇನೂ ಗಟ್ಟಿಯಾಗುವ ಮೊದಲೇ ಹರಳು ಹುಟ್ಟಿತು. ಕೆಲವು ಕಡೆ ಖನಿಜದ ಪರಮಾಣುಗಳ ಜೋಡಣೆಗೆ ಹೊಂದಿಕೊಂಡೇ ಪ್ರೋಟೀನ್ ಅಣುಗಳು ಸಾಲುಗಟ್ಟಿದಂತೆ ಕಂಡಿತು. ನನಗೆ ತುಂಬ ಇಷ್ಟವಾದ ಸಂಗತಿ ಇದು. ಕಲ್ಲಿನ ಕಟ್ಟು ಜೀವಕೋಶದ ಅಣುವಿಗೆ ದಾರಿ ತೋರಿಸುತ್ತದೆ!

ಅಭ್ರಕವನ್ನು ಹತ್ತಿರದಿಂದ ನೋಡಿ. ಉಗುರಿನಿಂದ ಎಬ್ಬಿಸಿದರೆ ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುತ್ತದೆ. ಹೊಸದಾಗಿ ಸುಲಿದ ಹಾಳೆಯ ಮೈ ಪರಮಾಣುಗಳ ಮಟ್ಟದಲ್ಲೂ ಸಪಾಟು. ನೀರಿಗೆ ಹಾಕಿದಾಗ ಅಲ್ಲಿನ ಪೊಟ್ಯಾಸಿಯಂ ಅಯಾನುಗಳು ಕಳಚಿಕೊಂಡು ಮೈಮೇಲೆ ಋಣ ವಿದ್ಯುದಂಶ ಉಳಿಯುತ್ತದೆ. ಮೊಟ್ಟೆಯ ಬಿಳಿಯಲ್ಲಿರುವ ಲೈಸೋಜೈಮ್ ಎಂಬ ಪ್ರೋಟೀನಿಗೆ ಸಾಮಾನ್ಯವಾಗಿ ಧನ ವಿದ್ಯುದಂಶ ಇರುತ್ತದೆ. ಹಾಗಾಗಿ ಅದು ಅಭ್ರಕದ ಹತ್ತಿರ ಬಂದು ಸೇರುತ್ತದೆ, ಅಲ್ಲಿ ಅಣುಗಳ ದಟ್ಟಣೆ ಹೆಚ್ಚುತ್ತದೆ. ಹಾಗಂತ ಅಂಟು ಅತಿಯಾಗಲೂಬಾರದು. ಅಣುಗಳು ಸಿಕ್ಕಲ್ಲೇ ಕಚ್ಚಿಕೊಂಡರೆ ಸಾಲು ಕೂಡುವುದೇ ಇಲ್ಲ.

ಇವತ್ತು ಪ್ರೋಟೀನಿನ ಆಕಾರವನ್ನು ಕಂಪ್ಯೂಟರ್ ಚೆನ್ನಾಗಿಯೇ ಊಹಿಸುತ್ತದೆ. ಆದರೂ ಔಷಧದ ಅಣು ಪ್ರೋಟೀನಿನ ಯಾವ ಸಂದಿಯಲ್ಲಿ ಹೇಗೆ ಕೂತಿದೆ ಎಂದು ಕಣ್ಣಾರೆ ನೋಡಲು ಹರಳು ಈಗಲೂ ಬೇಕಾಗುತ್ತದೆ. ಹೊಸ ಪ್ರೋಟೀನ್ ಹಟ ಹಿಡಿದಾಗ ಒಂದೆರಡು ಹನಿಗೆ ಚಿಟಿಕೆ ಖನಿಜದ ಪುಡಿ ಹಾಕಿ ನೋಡುವುದಕ್ಕೆ ಖರ್ಚು ಹೆಚ್ಚಿಲ್ಲ. ಅದನ್ನು ಮಾಡದೆ ಕೈಬಿಡಬಾರದು ಎಂಬುದು ನನ್ನ ಅಭಿಪ್ರಾಯ.