ಎರಡನೇ ಲೋಟದ ಲೆಕ್ಕ

ಹೋಳಿ ದಿನ ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಭಂಗಿ ಬೆರೆಸಿದ ಥಂಡಾಯಿ ಕೈಗೆ ಬರುತ್ತದೆ. ಬಾದಾಮಿ, ಸೋಂಪಿನ ಘಮ. ಮುಕ್ಕಾಲು ಗಂಟೆಯಾದರೂ ತಲೆಗೆ ಏನೂ ಏರಿಲ್ಲ. ‘ಬರೀ ಹಾಲು ಕಣೋ ಇದು’ ಎಂದು ಇನ್ನೊಂದು ಲೋಟ ಇಳಿಸುತ್ತಾರೆ. ಎಡವಟ್ಟಾಗುವುದು ಇಲ್ಲೇ.

ಭಂಗಿ, ಗಾಂಜಾದಲ್ಲಿ ಮತ್ತೇರಿಸುವ ರಾಸಾಯನಿಕ ಟಿಎಚ್‌ಸಿ. ಸೇದಿದರೆ ಅದು ಶ್ವಾಸಕೋಶದಿಂದ ಕೆಲವೇ ನಿಮಿಷಗಳಲ್ಲಿ ಮೆದುಳು ಮುಟ್ಟುತ್ತದೆ. ತಿಂದದ್ದು, ಕುಡಿದದ್ದು ಕರುಳು ದಾಟಿ ಲಿವರ್‌ಗೆ ಹೋಗಿ ಬರಬೇಕು. ಅದಕ್ಕೆ ಅರ್ಧ ಗಂಟೆಯಿಂದ 2 ಗಂಟೆ ಬೇಕು. ಹೊಟ್ಟೆ ತುಂಬಿದ್ದರೆ ಇನ್ನೂ ತಡ. ಲಿವರ್ ಅದರಲ್ಲಿ ಒಂದಷ್ಟನ್ನು 11-ಹೈಡ್ರಾಕ್ಸಿ-ಟಿಎಚ್‌ಸಿ ಆಗಿ ಬದಲಿಸುತ್ತದೆ. ಸೇದಿದಾಗ ಇದು ಸ್ವಲ್ಪವೇ ಹುಟ್ಟುತ್ತದೆ, ತಿಂದಾಗ ಜಾಸ್ತಿ. ಇದಕ್ಕೂ ಮತ್ತೇರಿಸುವ ಗುಣವಿದೆ. ಅಮಲು ಪೂರ್ತಿ ಏರಲು 2ರಿಂದ 4 ಗಂಟೆ, ಇಳಿಯಲು 6ರಿಂದ 8 ಗಂಟೆ, ಕೆಲವರಿಗೆ 12. ಹಾಗಾಗಿ ಎರಡನೇ ಲೋಟ ಮೊದಲನೆಯದರ ಬೆನ್ನ ಮೇಲೇ ಬಂದು ಕೂರುತ್ತದೆ.

ಪ್ರಮಾಣವಂತೂ ಕುರುಡು ಲೆಕ್ಕ. ಮಾರಾಟಕ್ಕೆ ಕಾನೂನಿನ ಒಪ್ಪಿಗೆಯಿರುವ ಅಮೆರಿಕದ ಕೊಲೊರಾಡೊದಲ್ಲಿ ಒಂದು ಸಲಕ್ಕೆ 10 ಮಿಲಿಗ್ರಾಂ ಟಿಎಚ್‌ಸಿ ಮಿತಿ. ಹೊಸಬರಿಗೆ ಅದೂ ಹೆಚ್ಚಾಗಬಹುದು. ಶೇ. 10ರಷ್ಟು ಟಿಎಚ್‌ಸಿ ಇರುವ ಗಾಂಜಾ ಒಂದು ಗ್ರಾಂ ಎಂದರೆ 100 ಮಿಲಿಗ್ರಾಂ. ಟಿಎಚ್‌ಸಿ ನೀರಿಗೆ ಬೆರೆಯದು, ಜಿಡ್ಡಿಗೆ ಅಂಟುತ್ತದೆ. ಗಾಂಜಾ ಬೆರೆಸಿದ ಬೆಣ್ಣೆ ಹಾಕಿ ಮನೆಯಲ್ಲಿ ಕೇಕಿಗೆ ಕಲಸಿದ ಹಿಟ್ಟಿನಲ್ಲಿ ಆ ಬೆಣ್ಣೆ ಒಂದೆಡೆ ಉಳಿದರೆ, ಒಂದೇ ಟ್ರೇಯ ಈ ತುಂಡು ಸಪ್ಪೆ, ಪಕ್ಕದ ತುಂಡು ಆಸ್ಪತ್ರೆ ದಾರಿ.

ಹೆಚ್ಚಾದಾಗ ಎದೆ ಡವಗುಟ್ಟುತ್ತದೆ, ನಾಲಿಗೆ ಅಂಗುಳಕ್ಕೆ ಅಂಟುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲಿಡುತ್ತದೆ, ಕೆಲವರಿಗೆ ವಾಂತಿ. ಗಡಿಯಾರದಲ್ಲಿ ಐದು ನಿಮಿಷ ಕಳೆದಿದ್ದರೆ ಒಂದು ಗಂಟೆ ಆದಂತೆ ಅನಿಸುತ್ತದೆ. ‘ನಾನು ಸತ್ತೇ ಹೋಗ್ತೀನಿ’ ಎಂಬ ಭಯ ಎದೆಬಡಿತವನ್ನು ಇನ್ನಷ್ಟು ಏರಿಸುತ್ತದೆ. ಮೆದುಳಿನ ಜೀವಕೋಶಗಳಲ್ಲಿ ಟಿಎಚ್‌ಸಿ ಬಂದು ಕೂರುವ ಗ್ರಾಹಕಗಳಿಗೇ (ರಿಸೆಪ್ಟರ್) ಅಂಟುವ, ನಮ್ಮ ಮೆದುಳೇ ತಯಾರಿಸುವ ಒಂದು ವಸ್ತುವಿಗೆ 1992ರಲ್ಲಿ ಸಂಸ್ಕೃತದ ಆನಂದದಿಂದ ‘ಅನಂದಮೈಡ್’ ಎಂದು ಹೆಸರಿಟ್ಟರು. ಈ ಹೊತ್ತಿನಲ್ಲಿ ಅದು ಕುಹಕದಂತೆ ಕೇಳಿಸೀತು. ಉಸಿರಾಟ ನಡೆಸುವ ಮೆದುಳುಕಾಂಡದಲ್ಲಿ ಈ ಗ್ರಾಹಕಗಳು ತೀರ ಕಡಿಮೆ. ಅಫೀಮಿನ ಹಾಗಲ್ಲದೆ, ಇದು ದೊಡ್ಡವರ ಉಸಿರು ನಿಲ್ಲಿಸುವುದು ಅಪರೂಪ ಎನ್ನಲು ಅದೊಂದು ಕಾರಣ.

ಇದಕ್ಕೆ ಪ್ರತಿವಿಷವಿಲ್ಲ. ಮಂದ ಬೆಳಕಿನ ಕೋಣೆ, ಜೊತೆಗೊಬ್ಬರು, ಗುಟುಕು ಗುಟುಕಾಗಿ ನೀರು. ನಿದ್ದೆ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಆಗಾಗ ಎಬ್ಬಿಸಿ ನೋಡಿ. ಗಂಟಲಿಗೆ ಬೆರಳು ಹಾಕಿ ಕಕ್ಕಿಸಬೇಡಿ. ಮಂಪರಿನಲ್ಲಿ ವಾಂತಿ ಶ್ವಾಸನಾಳಕ್ಕೆ ಹೋಗಬಹುದು. ನಿಂಬೆರಸ, ಮಜ್ಜಿಗೆಯಿಂದ ರಕ್ತದಲ್ಲಿರುವ ಟಿಎಚ್‌ಸಿ ಇಳಿಯದು. ಫಿಲ್ಟರ್ ಕಾಫಿ ಕೊಟ್ಟರೆ ಎದೆಬಡಿತಕ್ಕೆ ಇನ್ನಷ್ಟು ಕುಮ್ಮಕ್ಕು, ಮದ್ಯ ಕೊಟ್ಟರೆ ಅಮಲು ದುಪ್ಪಟ್ಟು. ಮಾರನೇ ದಿನವೂ ಮಂಕು ಕವಿದಿದ್ದರೆ ಬೈಕ್ ಮುಟ್ಟಬೇಡಿ.

ಎದೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ನಿದ್ದೆ, ನಿಲ್ಲದ ವಾಂತಿ ಕಂಡರೆ, ಹೃದ್ರೋಗಿಗಳಾಗಿದ್ದರೆ 108ಕ್ಕೆ ಕರೆಮಾಡಿ. ಪೊಲೀಸರ ಭಯಕ್ಕೆ ಡಾಕ್ಟರ ಮುಂದೆ ‘ಹೊರಗಿನ ಊಟ ಸಾರ್’ ಎಂದುಬಿಟ್ಟರೆ ಬೇಡದ ಸ್ಕ್ಯಾನು, ಸೂಜಿ ಎಲ್ಲವೂ ನಡೆಯುತ್ತವೆ. ಏನು ತಿಂದದ್ದು, ಎಷ್ಟು, ಎಷ್ಟು ಹೊತ್ತಿಗೆ ಎಂದು ಹೇಳಿದರೆ ಅವರ ಅರ್ಧ ಕೆಲಸ ಮುಗಿಯಿತು.

ಮಕ್ಕಳ ಲೆಕ್ಕವೇ ಬೇರೆ. ಫ್ರಿಜ್ಜಿನಲ್ಲಿ ಉಳಿದ ಭಂಗಿ ಬರ್ಫಿ ಮಗುವಿಗೆ ಬರೀ ಬರ್ಫಿಯೇ. ಅಷ್ಟೇ ಟಿಎಚ್‌ಸಿ ಪುಟ್ಟ ಮೈಗೆ ಹಲವು ಪಟ್ಟಾಗಿ, ಪ್ರಜ್ಞೆ ತಪ್ಪಬಹುದು, ಉಸಿರೂ ಕುಗ್ಗಬಹುದು. ಇಲ್ಲಿ ಕಾದು ನೋಡುವ ಮಾತಿಲ್ಲ; ಚೂರು ತಿಂದ ಅನುಮಾನವಿದ್ದರೂ ನೇರ ಆಸ್ಪತ್ರೆಗೆ, ಉಳಿದ ತುಂಡನ್ನೂ ಡಬ್ಬಿ ಸಮೇತ ಹಿಡಿದುಕೊಂಡು.