ಆಲ್ಬಮ್, ಸಿಂಗಲ್: ಪ್ಲೇಟು ಹೋದರೂ ಉಳಿದ ಹೆಸರುಗಳು

ಆಲ್ಬಮ್ ಎಂದೊಡನೆ ಫೋಟೊ ಆಲ್ಬಮ್ ನೆನಪಾದರೆ ತಪ್ಪೇನಿಲ್ಲ, ಸಂಗೀತಕ್ಕೆ ಆ ಹೆಸರು ಬಂದದ್ದೇ ಹಾಗೆ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೇ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಮೂರು–ನಾಲ್ಕು ನಿಮಿಷದ ಸಂಗೀತ ಹಿಡಿಸಿದರೆ ಹೆಚ್ಚು. ಉದ್ದದ ಸಿಂಫನಿಯನ್ನು ನಾಲ್ಕೈದು ಪ್ಲೇಟಿಗೆ ಹಂಚಿ, ಒಳಗೆ ಕಾಗದದ ಚೀಲಗಳಿದ್ದ ದಪ್ಪ ರಟ್ಟಿನ ಪುಸ್ತಕದಲ್ಲಿಟ್ಟು ಮಾರುತ್ತಿದ್ದರು. ಆ ಪುಸ್ತಕವೇ ಆಲ್ಬಮ್.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಲಾಂಗ್ ಪ್ಲೇ ರೆಕಾರ್ಡ್ ತಂದಿತು. ಮಗ್ಗುಲಿಗೆ ಇಪ್ಪತ್ತು ನಿಮಿಷದಷ್ಟು ಸಂಗೀತ. ಪುಸ್ತಕದ ಅಗತ್ಯವೇ ಇಲ್ಲವಾಯಿತು, ಹೆಸರು ಮಾತ್ರ ಪ್ಲೇಟಿಗೆ ಅಂಟಿಕೊಂಡಿತು. ಮರುವರ್ಷ ಆರ್‌ಸಿಎ ವಿಕ್ಟರ್ 45 ಸುತ್ತಿನ, 7 ಇಂಚಿನ ಪುಟ್ಟ ಪ್ಲೇಟು ತಂದಿತು. ಮುಂದೆ ಸಿಂಗಲ್ ಎಂದರೆ ಇದೇ ಎನ್ನುವಂತಾಯಿತು. ಹೆಸರು ಸಿಂಗಲ್ ಆದರೂ ಇರುತ್ತಿದ್ದದ್ದು ಎರಡು ಹಾಡು: ರೇಡಿಯೊದಲ್ಲಿ ಓಡಬೇಕಾದದ್ದು 'ಎ' ಮಗ್ಗುಲಿಗೆ, ಜೊತೆಗಿರಲಿ ಎಂದು ಹಾಕಿದ್ದು 'ಬಿ'ಗೆ.

ಪಾಪ್ ಸಂಗೀತದಲ್ಲಿ ಬಹುಕಾಲ ಸಿಂಗಲ್‌ನದೇ ದರ್ಬಾರು. ಆಲ್ಬಮ್ ಎಂದರೆ ಎರಡು ಹಿಟ್, ಉಳಿದದ್ದು ಭರ್ತಿ. ಅರವತ್ತರ ದಶಕದಲ್ಲಿ ಗಾಳಿ ತಿರುಗಿತು. 1967ರಲ್ಲಿ ಬೀಟಲ್ಸ್ 'ಸಾರ್ಜೆಂಟ್ ಪೆಪ್ಪರ್ಸ್' ತಂದಾಗ ಅದರಿಂದ ಒಂದು ಹಾಡನ್ನೂ ಸಿಂಗಲ್ ಆಗಿ ಬಿಡಲಿಲ್ಲ. ಬೇಕಿದ್ದವರು ಇಡಿಯಾಗಿಯೇ ಕೊಳ್ಳಬೇಕು! ಮೈಕೆಲ್ ಜಾಕ್ಸನ್‌ನ 1982ರ ಆಲ್ಬಮ್ 'ಥ್ರಿಲ್ಲರ್'ನದು ಇದಕ್ಕೆ ತದ್ವಿರುದ್ಧದ ಜಾಣತನ: ಒಂಬತ್ತು ಹಾಡುಗಳಲ್ಲಿ ಏಳು ಸಿಂಗಲ್ ಆದವು, ಒಂದೊಂದೂ ಆಲ್ಬಮ್‌ಗೆ ಜಾಹೀರಾತಾಯಿತು.

ಸಿಡಿ ಕಾಲದಲ್ಲಿ ಕಂಪನಿಗಳಿಗೆ ಆಸೆ ಹೆಚ್ಚಾಯಿತು. ತೊಂಬತ್ತರ ದಶಕದ ಅಮೆರಿಕದಲ್ಲಿ ರೇಡಿಯೊದಲ್ಲಿ ಮೊಳಗುತ್ತಿದ್ದ ಎಷ್ಟೋ ಹಾಡುಗಳು ಅಂಗಡಿಯಲ್ಲಿ ಸಿಂಗಲ್ ಆಗಿ ಸಿಗುತ್ತಲೇ ಇರಲಿಲ್ಲ. ಒಂದು ಹಾಡಿಗಾಗಿ ಇಡೀ ಸಿಡಿ ಕೊಳ್ಳಬೇಕಿತ್ತು. 1999ರಲ್ಲಿ ಇಂಟರ್ನೆಟ್‌ನಲ್ಲಿ ಹಾಡುಗಳನ್ನು ಪುಕ್ಕಟೆ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂದಾಗ ಕೇಳುಗರು ಅತ್ತ ನುಗ್ಗಿದ್ದರಲ್ಲಿ ಈ ಸಿಟ್ಟಿನ ಪಾಲೂ ಇತ್ತು ಎನ್ನುವುದು ನನ್ನ ಅನಿಸಿಕೆ. 2003ರಲ್ಲಿ ಆಪಲ್ ಕಂಪನಿಯ ಆನ್‌ಲೈನ್ ಅಂಗಡಿ ಐಟ್ಯೂನ್ಸ್ ಬಿಡಿ ಹಾಡನ್ನು 99 ಸೆಂಟ್‌ಗೆ ಮಾರತೊಡಗಿತು. ಅಲ್ಲಿಗೆ ಕಟ್ಟು ಬಿಚ್ಚಿಹೋಯಿತು.

ಸ್ಟ್ರೀಮಿಂಗ್‌ನಲ್ಲಿ ಪ್ಲೇಟೂ ಇಲ್ಲ, ಮಗ್ಗುಲೂ ಇಲ್ಲ. ಹಾಗಾಗಿ ಆಲ್ಬಮ್ ಎಂಬುದು ಲೆಕ್ಕದ ಮಾತಾಗಿದೆ. 2014ರ ಕೊನೆಗೆ ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್ ತನ್ನ ಆಲ್ಬಮ್ ಪಟ್ಟಿಗೆ 1,500 ಸ್ಟ್ರೀಮ್‌ಗೆ ಒಂದು ಆಲ್ಬಮ್ ಎಂಬ ಸೂತ್ರ ತಂದಿತು. ಒಂದೇ ಹಾಡು 1,500 ಸಲ ಓಡಿದರೂ, ಉಳಿದವನ್ನು ಯಾರೂ ಮುಟ್ಟದಿದ್ದರೂ, ಆಲ್ಬಮ್ ಒಂದು 'ಮಾರಾಟ'ವಾದಂತೆ ಆಗುತ್ತಿತ್ತು! 2018ರಲ್ಲಿ ಈ ಅಂಕಿ ಬದಲಾಯಿತು.

ಕಲಾವಿದರು ಮಾತ್ರ ಅನುಕ್ರಮದ ಹಂಬಲ ಬಿಟ್ಟಿಲ್ಲ. 2021ರಲ್ಲಿ ಗಾಯಕಿ ಅಡೆಲ್ ಕೇಳಿಕೊಂಡ ಮೇಲೆ, ಆಲ್ಬಮ್ ಒತ್ತಿದರೆ ಹಾಡುಗಳು ಕಲಸಿಹೋಗದೆ ಮೊದಲಿನಿಂದ ಸಾಲಾಗಿ ಬರುವಂತೆ ಸ್ಟ್ರೀಮಿಂಗ್ ಕಂಪನಿ ಸ್ಪಾಟಿಫೈ ತನ್ನ ಗುಂಡಿ ಬದಲಿಸಿತು.